ಇನ್ಸುಲಿನ್ ಸೂಜಿ ಎಷ್ಟು ಆಳಕ್ಕೆ ಇಳಿಯಬೇಕು?

ಇನ್ಸುಲಿನ್ ಸೇರಬೇಕಾದ ಜಾಗ ಚರ್ಮಕ್ಕೂ ಸ್ನಾಯುವಿಗೂ ನಡುವಿನ ಕೊಬ್ಬಿನ ಪದರ. ಅಲ್ಲಿಂದ ಅದು ನಿಧಾನವಾಗಿ ರಕ್ತ ಸೇರುತ್ತದೆ. ಸ್ನಾಯುವಿಗೆ ಇಳಿದರೆ ಬೇಗ ಹೀರಿಕೊಂಡು ಸಕ್ಕರೆ ಒಮ್ಮೆಲೇ ಕುಸಿಯಬಹುದು.

ಸೂಜಿ ಮುಟ್ಟುವ ಮೊದಲು ಬಾಟಲಿಯ ಲೇಬಲ್ ಓದಿ. ಒಂದು ಮಿ.ಲೀ.ಗೆ 40 ಯುನಿಟ್ ಇದ್ದರೆ ಕೆಂಪು ಮುಚ್ಚಳದ ಸಿರಿಂಜ್, 100 ಇದ್ದರೆ ಕಿತ್ತಳೆ ಮುಚ್ಚಳದ್ದು. ಇದು ಅದಲು ಬದಲಾದರೆ ಅಪಾಯ ದೊಡ್ಡದು: 100ರ ಔಷಧವನ್ನು ಕೆಂಪು ಸಿರಿಂಜ್‌ನಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು 50 ಯುನಿಟ್. ಮೆಡಿಕಲ್ ಶಾಪ್‌ನಲ್ಲಿ ಕೊಳ್ಳುವಾಗಲೇ ಬಾಟಲಿ, ಸಿರಿಂಜ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿಕೊಳ್ಳಿ.

ಕೈ ತೊಳೆಯಿರಿ. ಮೋಡದಂತೆ ಬೆಳ್ಳಗಿರುವ ಇನ್ಸುಲಿನ್ ಆದರೆ ಬಾಟಲಿಯನ್ನು ಅಂಗೈಗಳ ನಡುವೆ ಹತ್ತಿಪ್ಪತ್ತು ಸಲ ಹೊರಳಿಸಿ, ಜೋರಾಗಿ ಕುಲುಕಬೇಡಿ. ಎಷ್ಟು ಯುನಿಟ್ ಬೇಕೋ ಅಷ್ಟೇ ಗಾಳಿಯನ್ನು ಬಾಟಲಿಗೆ ತಳ್ಳಿ, ತಲೆಕೆಳಗು ಮಾಡಿ ಔಷಧ ಎಳೆಯಿರಿ. ಗುಳ್ಳೆ ಕಂಡರೆ ಬೆರಳಿನಿಂದ ತಟ್ಟಿ ಹೊರಹಾಕಿ. ಚರ್ಮದಡಿ ಸೇರಿದ ಸಣ್ಣ ಗುಳ್ಳೆಯಿಂದ ಜೀವಕ್ಕೇನೂ ಆಗದು, ಆದರೆ ಅಷ್ಟು ಔಷಧ ಕಡಿಮೆಯಾಗುತ್ತದೆ.

ಹೊಕ್ಕುಳಿನಿಂದ ಎರಡು ಬೆರಳು ದೂರ ಬಿಟ್ಟು ಹೊಟ್ಟೆ, ಇಲ್ಲವೇ ತೊಡೆಯ ಮುಂಭಾಗದ ಹೊರಬದಿ ಒಳ್ಳೆಯದು. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿದು ಚುಚ್ಚಿ. ತೆಳ್ಳಗಿರುವವರು ಸೂಜಿಯನ್ನು 45 ಡಿಗ್ರಿ ಓರೆ ಮಾಡಲಿ. ಸಿರಿಂಜ್ ಬದಲು 4 ಮಿ.ಮೀ. ಸೂಜಿಯ ಇನ್ಸುಲಿನ್ ಪೆನ್ ಆದರೆ ನೇರವಾಗಿಯೇ ಸಾಕು. ಪೆನ್‌ನಲ್ಲಿ ಚುಚ್ಚುವ ಮೊದಲು 2 ಯುನಿಟ್ ಹೊರಗೆ ಬಿಟ್ಟು ಹನಿ ಬರುತ್ತದೆಯೇ ನೋಡಿ, ಚುಚ್ಚಿ ಗುಂಡಿ ಪೂರ್ತಿ ಒತ್ತಿದ ಮೇಲೆ ಹತ್ತರವರೆಗೆ ಎಣಿಸಿ ಸೂಜಿ ತೆಗೆಯಿರಿ. ಆ ಜಾಗ ಉಜ್ಜಬೇಡಿ.

ಪ್ರತಿ ಸಲ ಬೆರಳಗಲ ಸರಿದು ಚುಚ್ಚಿ. ನೋವಿಲ್ಲವೆಂದು ಒಂದೇ ಕಡೆ ಚುಚ್ಚುತ್ತಿದ್ದರೆ ಕೊಬ್ಬಿನ ಗಂಟು ಕಟ್ಟುತ್ತದೆ. ಗಂಟಿಗೆ ಹಾಕಿದ ಇನ್ಸುಲಿನ್ ಒಂದು ದಿನ ಕಡಿಮೆ, ಇನ್ನೊಂದು ದಿನ ಹೆಚ್ಚು ಕೆಲಸ ಮಾಡುತ್ತದೆ. ಕಾರಣವಿಲ್ಲದೆ ಸಕ್ಕರೆ ಏರಿಳಿಯುತ್ತಿದ್ದರೆ ಮೊದಲು ಹೊಟ್ಟೆಯನ್ನು ಸವರಿ ನೋಡಿ.

ಸಕ್ಕರೆ ಕಾಯಿಲೆಯ ನಾಯಿಗೂ ದಾರಿ ಇದೇ. ನಾಯಿಗೆಂದೇ ತಯಾರಿಸಿದ ಇನ್ಸುಲಿನ್‌ಗಳಲ್ಲಿ ಕೆಲವು 40 ಯುನಿಟ್‌ನವು, ಆದ್ದರಿಂದ ಇಲ್ಲೂ ಸಿರಿಂಜ್ ಹೊಂದಿಸಿ. ಅದು ಊಟ ಮಾಡಿದ್ದನ್ನು ಖಚಿತಪಡಿಸಿಕೊಂಡು ಪಕ್ಕೆಯ ಸಡಿಲ ಚರ್ಮವನ್ನು ಎತ್ತಿ ಚುಚ್ಚಿ. ಸೂಜಿ ಮಡಿಕೆಯ ಆಚೆ ಬದಿಗೆ ಹೊರಬಂದರೆ ಕೂದಲು ಒದ್ದೆಯಾಗುತ್ತದೆ. ಆಗ ಎಷ್ಟು ಒಳಹೋಯಿತೆಂದು ತಿಳಿಯದು, ಮತ್ತೆ ಚುಚ್ಚಲೇಬೇಡಿ. ಪಶುವೈದ್ಯರಿಗೆ ಫೋನ್ ಮಾಡಿ.