ಟರ್ಬೊ ಕಾರಿಗೆ ಎಕ್ಸಾಸ್ಟ್: ನಾನು ಆರಿಸಿದ್ದು, ಲೆಕ್ಕ ಹಾಕಿದ್ದು

ಎಕ್ಸಾಸ್ಟ್ ಬದಲಾಯಿಸೋಣ ಅಂತ ಹೊರಟವರ ಕಣ್ಣು ಮೊದಲು ಹೋಗುವುದು ಹಿಂದೆ ಹೊಳೆಯುವ ಟಿಪ್ ಮೇಲೆ. ನಾನು ಕಾರನ್ನು ಲಿಫ್ಟ್‌ಗೆ ಏರಿಸಿ ಟರ್ಬೊ ಕಡೆಯಿಂದ ನೋಡುತ್ತಾ ಬಂದೆ. ಟರ್ಬೊ ಕಾರಿನಲ್ಲಿ ದುಡ್ಡಿಗೆ ಫಲ ಸಿಗುವುದು ಆ ತುದಿಯಲ್ಲೇ.

ಟರ್ಬೈನ್‌ಗೆ, ಅಂದರೆ ಹೊಗೆಯ ರಭಸಕ್ಕೆ ತಿರುಗುವ ಟರ್ಬೊದ ಚಕ್ರಕ್ಕೆ, ಬಲ ಕೊಡುವುದು ಅದರ ಎರಡು ಬದಿಯ ಒತ್ತಡದ ವ್ಯತ್ಯಾಸ. ಆ ಚಕ್ರ ದಾಟಿದ ಹೊಗೆಗೆ ಅಡ್ಡಿ ಕಡಿಮೆಯಾದಷ್ಟೂ ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಬೇಗ ಬರುತ್ತದೆ. ‘ಸ್ವಲ್ಪ ಬ್ಯಾಕ್ ಪ್ರೆಶರ್ (ಹೊಗೆಗೆ ಎದುರಾಗುವ ಒತ್ತಡ) ಬೇಕೇ ಬೇಕು’ ಅನ್ನುವ ಮಾತನ್ನು ಇಲ್ಲಿ ನಂಬಬೇಡಿ. ಸಾಮಾನ್ಯವಾಗಿ ಅಡ್ಡಿಯ ದೊಡ್ಡ ಪಾಲು ಇರುವುದು ಟರ್ಬೊಗೆ ಅಂಟಿಕೊಂಡ ಮೊದಲ ಪೈಪ್ ಆದ ಡೌನ್‌ಪೈಪ್ ಮತ್ತು ಹೊಗೆಯ ವಿಷ ತಗ್ಗಿಸಲು ಅಲ್ಲಿ ಕೂರಿಸಿದ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ (ಚಿಕ್ಕದಾಗಿ ಕ್ಯಾಟ್). ಅದರ ಹಿಂದಿನ ಭಾಗ, ಅಂದರೆ ಕ್ಯಾಟ್‌ಬ್ಯಾಕ್ ಮಾತ್ರ ಬದಲಾಯಿಸಿದರೆ ಸದ್ದು ಜಾಸ್ತಿ, ಪವರ್ ಅಷ್ಟಕ್ಕಷ್ಟೇ. ಸದ್ದೇ ಬೇಕಿದ್ದರೆ ತಪ್ಪೇನಿಲ್ಲ, ಆದರೆ ಅದನ್ನು ಪವರ್ ಅಂತ ಕೊಳ್ಳಬೇಡಿ.

ಕ್ಯಾಟ್ ಇಲ್ಲದ ಡೌನ್‌ಪೈಪ್ ಅಗ್ಗ. ಆದರೂ ನನಗೆ ಬೇಡವಾಗಿತ್ತು. ಎಷ್ಟೋ ದೇಶಗಳಲ್ಲಿ ಅದು ರಸ್ತೆಗೆ ಇಳಿಯುವಂತಿಲ್ಲ, ವಾಸನೆಯೂ ಮೂಗಿಗೆ ಹೊಡೆಯುತ್ತದೆ, ಕ್ಯಾಟ್ ಹಿಂದಿನ ಆಕ್ಸಿಜನ್ ಸೆನ್ಸರ್ ಎಂಜಿನ್ ಲೈಟ್ ಹಚ್ಚಿ ಕೂರಿಸುತ್ತದೆ. ನಾನು ಹೈ-ಫ್ಲೋ ಕ್ಯಾಟ್, ಅಂದರೆ ಹೊಗೆಗೆ ಅಡ್ಡಿ ಕಡಿಮೆ ಮಾಡುವ ಕ್ಯಾಟ್ ಇರುವುದನ್ನು ಆರಿಸಿದೆ. ಅದಕ್ಕೂ ಒಮ್ಮೊಮ್ಮೆ ಲೈಟ್ ಬರಬಹುದು, ಕೊಳ್ಳುವ ಮೊದಲು ನಿಯಮವನ್ನೂ ನೋಡಿಕೊಳ್ಳಬೇಕು. ಅಡ್ಡಿ ತಗ್ಗಿದಾಗ ಕೆಲವು ಕಾರುಗಳಲ್ಲಿ ಬೂಸ್ಟ್ ಹಿಡಿತ ಮೀರಿ ಏರುವುದುಂಟು. ಹಾಗಾಗಿ ಟ್ಯೂನಿಂಗ್ (ಎಂಜಿನ್ ಕಂಪ್ಯೂಟರನ್ನು ಹೊಸ ಪೈಪಿಗೆ ಹೊಂದಿಸುವುದು) ಖರ್ಚನ್ನು ಡೌನ್‌ಪೈಪ್ ಬೆಲೆಯ ಜೊತೆಗೇ ಬರೆದುಕೊಂಡೆ.

ಪೈಪ್ ಎಷ್ಟು ದಪ್ಪ? ಎರಡೂವರೆ ಇಂಚಿನಿಂದ ಮೂರು ಇಂಚಿಗೆ ಹೋದರೆ ಒಳಗಿನ ಜಾಗ ಸುಮಾರು 44% ಹೆಚ್ಚುತ್ತದೆ. ಕೇಳಲು ಚೆಂದ. ಆದರೆ ನನ್ನದು ಚಿಕ್ಕ ನಾಲ್ಕು ಸಿಲಿಂಡರ್ ಎಂಜಿನ್, ಟರ್ಬೊ ಕೂಡ ಕಾರಿನ ಜೊತೆ ಕಂಪನಿಯಿಂದ ಬಂದದ್ದೇ. ಡೌನ್‌ಪೈಪ್ ಮೂರು ಇಂಚು, ಅಲ್ಲಿಂದ ಹಿಂದಕ್ಕೆ ಎರಡೂವರೆ ಸಾಕು ಅನ್ನಿಸಿತು. ದಪ್ಪ ಪೈಪ್ ಕೆಳಗೆ ಜೋತುಬಿದ್ದು ಹಂಪ್‌ಗೆ ತಾಗುತ್ತದೆ, ಅಲ್ವಾ?

ಸಾಮಾನು ಕೈಗೆ ಬಂದಾಗ ಟಾರ್ಚ್ ಹಿಡಿದು ಪೈಪಿನ ಒಳಗೆ ನೋಡಿದೆ. ಹೊರಗಿನ ವೆಲ್ಡಿಂಗ್ ಎಲ್ಲರದ್ದೂ ಚೆಂದ ಇರುತ್ತದೆ. ಸ್ಟೇನ್‌ಲೆಸ್ ಪೈಪಿಗೆ ಒಳಗಿನಿಂದ ಆರ್ಗಾನ್ ತುಂಬದೆ ವೆಲ್ಡ್ ಮಾಡಿದ್ದರೆ, ಜೋಡಣೆಯ ಒಳಬದಿಯಲ್ಲಿ ಸುಟ್ಟ ಸಕ್ಕರೆಯ ಹಾಗೆ ಕಪ್ಪು ಹರಳು ಕಟ್ಟಿರುತ್ತದೆ. ಮುಂದೆ ಬಿರುಕು ಬಿಡುವುದು ಇಂಥ ಕಡೆ. ಬಾಗಿದ ಜಾಗದಲ್ಲಿ ಪೈಪ್ ಚಪ್ಪಟೆಯಾಗಿ ಸುಕ್ಕುಗಟ್ಟಿದ್ದರೆ ಅದು ಮ್ಯಾಂಡ್ರೆಲ್ ಬೆಂಡ್ (ಒಳಗೆ ಅಚ್ಚು ಇಟ್ಟು ಬಗ್ಗಿಸಿದ್ದು) ಅಲ್ಲ, ದುಬಾರಿ ಬೆಲೆ ಕೊಡಬೇಕಿಲ್ಲ. 304 ದರ್ಜೆಯ ಸ್ಟೇನ್‌ಲೆಸ್ ಅಂತ ಮಾರಿದ ಪೈಪಿನ ನೇರ ಭಾಗಕ್ಕೆ ಅಯಸ್ಕಾಂತ ಗಟ್ಟಿಯಾಗಿ ಅಂಟಿಕೊಂಡರೆ ಅನುಮಾನಪಡಿ. ಇನ್ನೊಂದು ದರ್ಜೆಯಾದ 409ಕ್ಕೆ ಅಯಸ್ಕಾಂತ ಅಂಟುತ್ತದೆ. ಅದೇನೂ ಕಳಪೆಯಲ್ಲ, ಮೇಲ್ಮೈ ತುಕ್ಕು ಬರುತ್ತದೆ ಅಷ್ಟೇ. ಆದರೆ 304ರ ಬೆಲೆಗೆ 409 ಯಾಕೆ? ಟೈಟೇನಿಯಂ ಬಗ್ಗೆ ನಾನು ಯೋಚಿಸಲೂ ಇಲ್ಲ.

ಸದ್ದನ್ನು ನಿಂತ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿ ಅಳೆಯಬಾರದು. ನಾಲ್ಕು ಸಿಲಿಂಡರ್ ಎಂಜಿನ್ 2400 ಆರ್‌ಪಿಎಂನಲ್ಲಿ ಸೆಕೆಂಡಿಗೆ 80 ಸಲ ಇಂಧನ ಸಿಡಿಸುತ್ತದೆ. ಹೈವೇಯಲ್ಲಿ ಗಂಟೆಗಟ್ಟಲೆ ತಲೆಯೊಳಗೆ ಗುಂಯ್‌ಗುಡುವುದು ಇಂಥ ಸದ್ದೇ. ಕೊಳ್ಳುವ ಮೊದಲೇ, ನಾನು ನೋಡಿಟ್ಟಿದ್ದ ಸೆಟ್ಟನ್ನೇ ಹಾಕಿಸಿದ್ದ ಗೆಳೆಯನ ಕಾರಿನಲ್ಲಿ ಗಾಜು ಏರಿಸಿ ಒಂದೇ ವೇಗದಲ್ಲಿ ಹೋಗಿ ನೋಡಿದೆ. ವಾಪಸ್ ಬಂದವನೇ ಇಂಥ ಗುಂಯ್ ಸದ್ದು ತಗ್ಗಿಸುವ ಡಬ್ಬಿ, ಅಂದರೆ ರೆಸೊನೇಟರ್ ಇರುವ ಸೆಟ್ಟನ್ನೇ ಕೇಳಿದೆ.

ಬೆಲೆಯಲ್ಲಿ ಕಿಟ್ ಒಂದು ಭಾಗ ಮಾತ್ರ. ಗ್ಯಾಸ್ಕೆಟ್, ಕ್ಲ್ಯಾಂಪ್, ಹೊಸ ಸ್ಟಡ್ ಮತ್ತು ನಟ್, ಸಾಗಾಣಿಕೆ, ತೆರಿಗೆ, ಕೂಲಿ, ಟ್ಯೂನಿಂಗ್ ಎಲ್ಲ ಒಂದೇ ಹಾಳೆಯಲ್ಲಿ ಬರೆದೆ. ನೋಡಿದ್ದರಲ್ಲಿ ಎಲ್ಲಕ್ಕಿಂತ ಅಗ್ಗದ ಕಿಟ್‌ಗೆ ಹ್ಯಾಂಗರ್ (ಪೈಪನ್ನು ಕಾರಿನ ಕೆಳಗೆ ತೂಗುಹಾಕುವ ಕೊಕ್ಕೆ) ಸರಿಯಿರಲಿಲ್ಲ. ಕತ್ತರಿಸಿ ವೆಲ್ಡ್ ಮಾಡುವ ಕೂಲಿ ಸೇರಿಸಿದಾಗ ಅದು ಮಧ್ಯಮ ದರದ ಕಿಟ್‌ನ ಹತ್ತಿರವೇ ಬಂತು. ಟರ್ಬೊ ಪಕ್ಕದ ತುಕ್ಕು ಹಿಡಿದ ಸ್ಟಡ್ ಬಿಚ್ಚುವಾಗ ಮುರಿದರೆ ಎಷ್ಟು ಅಂತಲೂ ಮೆಕ್ಯಾನಿಕ್ ಹತ್ತಿರ ಮೊದಲೇ ಮಾತಾಡಿಕೊಂಡೆ. ಸುಮ್ನೆ ಕೊನೆಯಲ್ಲಿ ಜಗಳ ಯಾಕೆ.

ಹಳೇ ಎಕ್ಸಾಸ್ಟ್ ಮಾರಿ ಸ್ವಲ್ಪ ದುಡ್ಡು ವಾಪಸ್ ಪಡೆಯಬಹುದಿತ್ತು. ಮಾರಲಿಲ್ಲ. ತಪಾಸಣೆಗೋ, ಮುಂದೆ ಕಾರು ಮಾರುವಾಗಲೋ ಬೇಕಾಗುತ್ತದೆ ಅಂತ ಬೋಲ್ಟುಗಳ ಸಮೇತ ಕಟ್ಟಿ ಇಟ್ಟಿದ್ದೇನೆ.