ಮೂರು ರಾಗಿ ಚೆಂಡು: ಮನೆಯಲ್ಲೇ ಸರ್ಕಸ್ ಜಗ್ಲಿಂಗ್

ಜಗ್ಲಿಂಗ್, ಅಂದರೆ ಹಲವು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಆಟ, ಕಲಿಯಲು ರಬ್ಬರ್ ಚೆಂಡು ಹಿಡಿಯುವುದೇ ಮೊದಲ ತಪ್ಪು. ಅಂಗೈಗೆ ತಾಕಿದ ಕೂಡಲೇ ಪುಟಿಯುತ್ತದೆ, ಬಿದ್ದರೆ ಮಂಚದಡಿ ಸೇರುತ್ತದೆ. ಪ್ಲಾಸ್ಟಿಕ್ಕಿನದು ಆಷಾಢದ ಗಾಳಿಗೆ ನಿಲ್ಲದು. ಹಾಸನದ ಕಡೆ ಮನೆಮನೆಯಲ್ಲಿರುವ ರಾಗಿಯನ್ನೇ ತುಂಬಿದರೆ ಚೆಂಡು ಬಿದ್ದಲ್ಲೇ ಕೂರುತ್ತದೆ.

ಚೆಂಡೊಂದಕ್ಕೆ ಸುಮಾರು 100 ಗ್ರಾಂ ರಾಗಿ. ಒತ್ತಾದ ನೇಯ್ಗೆಯ ಹತ್ತಿ ಬಟ್ಟೆಯನ್ನು 22 ಸೆಂ.ಮೀ. ಅಗಲಕ್ಕೆ ದುಂಡಗೆ ಕತ್ತರಿಸಿ, ಅಂಚಿನಿಂದ 1 ಸೆಂ.ಮೀ. ಒಳಗೆ ಸುತ್ತಲೂ ದಾರ ಪೋಣಿಸಿ. ರಾಗಿ ಸುರಿದು, ದಾರ ಎಳೆದು, ಬಾಯಿ ಬಿಗಿದು ಗಂಟು ಹಾಕಿ. ಮೇಲೆ ಹಳೆಯ ಕಾಲುಚೀಲ ತೊಡಿಸಿ, ತಿರುಚಿ, ಮಿಕ್ಕಿದ್ದನ್ನು ಮತ್ತೆ ಚೆಂಡಿನ ಮೇಲೆಯೇ ಮಡಚಿ ಹೊಲಿಯಿರಿ. ಮಗುವಿಗೆ ಕಟ್ಟುವ ಪುಟ್ಟ ಮುದ್ದೆಯಷ್ಟು ಗಾತ್ರ ಬಂದರೆ ಸರಿ. ಹೆಬ್ಬೆರಳು ಒತ್ತಿದಾಗ ತಗ್ಗು ಬೀಳಬೇಕು. ಗಟ್ಟಿಯಾಗಿ ತುರುಕಿದರೆ ಕೈಯಿಂದ ಸಿಡಿಯುತ್ತದೆ. ಮೂರೂ ಒಂದೇ ತೂಕವಿರಲಿ, ಒಂದರ ಬಣ್ಣ ಮಾತ್ರ ಬೇರೆಯಿರಲಿ. ತೆಳು ಬಟ್ಟೆಯಾದರೆ ರಾಗಿ ಸೋರುತ್ತದೆ. ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲು ರಾಗಿಯನ್ನು ಮೊದಲೇ ಬಿಸಿಲಿಗೆ ಹರಡಿ ಒಣಗಿಸಿಕೊಳ್ಳಿ. ಕಾಫಿ ಬೀಜ ತುಂಬಬಹುದಲ್ಲ ಎನ್ನುವವರು ಇದ್ದೇ ಇರುತ್ತಾರೆ. ಬೀಜ ದಪ್ಪ, ಅಂಗೈಗೆ ಒರಟು. ಬೆಲೆಯ ಮಾತು ಬೇರೆ.

ಮಂಚದ ಎದುರು ನಿಲ್ಲಿ, ಬಗ್ಗುವುದು ತಪ್ಪುತ್ತದೆ. ಮೊಣಕೈ ಸೊಂಟದ ಪಕ್ಕದಲ್ಲಿರಲಿ. ಒಂದೇ ಚೆಂಡನ್ನು ಕಣ್ಣಿನ ಎತ್ತರಕ್ಕೆ ಬಿಲ್ಲಿನ ಹಾಗೆ ಬಾಗಿಸಿ, ಆ ಕೈಯಿಂದ ಈ ಕೈಗೆ ಎಸೆಯಿರಿ. ಎತ್ತರ ಪ್ರತಿ ಸಲ ಒಂದೇ ಇರುವ ತನಕ ಎರಡನೆಯದನ್ನು ಮುಟ್ಟಬೇಡಿ.

ಎರಡು ಚೆಂಡಿನ ಹಂತದಲ್ಲೇ ಹೆಚ್ಚಿನವರು ಸೋಲುವುದು. ಮೊದಲನೆಯದು ತುದಿಗೇರಿ ಇಳಿಯಲು ತೊಡಗಿದಾಗ, ಅದರ ಒಳಬದಿಯಿಂದ ಎರಡನೆಯದನ್ನು ಮೇಲಕ್ಕೆ ಬಿಡಬೇಕು. ಗಾಬರಿಯಲ್ಲಿ ಕೈ ಅದನ್ನು ಎಸೆಯದೆ ಅಡ್ಡಲಾಗಿ ದಾಟಿಸಿಬಿಡುತ್ತದೆ. ಇದು ರೂಢಿಯಾದರೆ ಮೂರನೆಯದಕ್ಕೆ ಜಾಗವೇ ಇರುವುದಿಲ್ಲ. ಮದ್ದು ಸುಲಭ: ಹಿಡಿಯಲೇಬೇಡಿ. ಎಸೆದು ಎರಡನ್ನೂ ಮಂಚಕ್ಕೆ ಬೀಳಲು ಬಿಡಿ; ಎಡ, ಬಲ ಸರಿಯಾದ ಜಾಗಕ್ಕೆ ಬಿದ್ದರೆ ಎಸೆತ ಸರಿಯಿದೆ. ಎಸೆತ ಸರಿಯಿದ್ದರೆ ಹಿಡಿತ ತಾನಾಗಿ ಬರುತ್ತದೆ.

ಮೂರಕ್ಕೆ ಬಂದಾಗ, ಎರಡು ಚೆಂಡಿರುವ ಕೈಯಿಂದ ಶುರು. ಮೂರೇ ಎಸೆತ, ನಿಲ್ಲಿಸಿ. ಆಮೇಲೆ ನಾಲ್ಕು, ಐದು. ಚೆಂಡಿನ ಹಿಂದೆ ಕಾಲೂ ಮುಂದೆ ಹೋಗುತ್ತಿದ್ದರೆ ಗೋಡೆಗೆ ಮುಖ ಮಾಡಿ ನಿಲ್ಲಿ. ದಿನಕ್ಕೆ ಎರಡು ಬಾರಿ 10 ನಿಮಿಷ, ಒಂದೇ ಸಲ ಒಂದು ಗಂಟೆಗಿಂತ ಮೇಲು.

ಈ ಆಟ ಸರ್ಕಸ್ಸಿಗಿಂತ ಎಷ್ಟೋ ಹಳೆಯದು. ಈಜಿಪ್ಟಿನ ಬೆನಿ ಹಸನ್‌ನ ಸುಮಾರು 4000 ವರ್ಷ ಹಿಂದಿನ ಗೋರಿಚಿತ್ರದಲ್ಲಿ ಹೆಂಗಸರು ಚೆಂಡು ಆಡಿಸುತ್ತಿದ್ದಾರೆ. 1768ರಲ್ಲಿ ಲಂಡನ್ನಿನಲ್ಲಿ ಕುದುರೆ ಸವಾರಿಯ ಪ್ರದರ್ಶನ ಆರಂಭಿಸಿದ ಫಿಲಿಪ್ ಆಸ್ಟ್ಲಿ, ಸವಾರಿಗಳ ನಡುವಿನ ಬಿಡುವು ತುಂಬಲು ಜಗ್ಲರ್‌ಗಳನ್ನೂ ಹಗ್ಗದ ಮೇಲೆ ನಡೆಯುವವರನ್ನೂ ಸೇರಿಸಿಕೊಂಡ. ನಮ್ಮಲ್ಲಿ ವಿಷ್ಣುಪಂತ ಛತ್ರೆ 1880ರಲ್ಲಿ ಮುಂಬೈಯಲ್ಲಿ ಸರ್ಕಸ್ ಆರಂಭಿಸಿದರು.

ಶಾಲೆಯ ವಾರ್ಷಿಕೋತ್ಸವಕ್ಕೆ ಮೈದಾನದಲ್ಲಿ ರಿಂಗ್ ಹಾಕುವಿರಾದರೆ ಗೂಟಕ್ಕೆ 21 ಅಡಿ ಹಗ್ಗ ಕಟ್ಟಿ ಸುಣ್ಣದ ಗೆರೆ ಎಳೆಯಿರಿ. ಈ 42 ಅಡಿ ಅಗಲ ಓಡುವ ಕುದುರೆಯ ಬೆನ್ನ ಮೇಲೆ ನಿಲ್ಲುವವರಿಗಾಗಿ ಬಂದ ಅಳತೆ; ಜಗ್ಲರ್‌ಗೆ ನಡುವೆ 6 ಅಡಿ ಸಾಕು. ದೀಪ ಎದುರಿನಿಂದ ಕಣ್ಣಿಗೆ ಹೊಡೆಯದಂತೆ ಪಕ್ಕದಲ್ಲಿರಲಿ, ಇಲ್ಲವಾದರೆ ಚೆಂಡು ತುದಿಗೇರಿದಾಗಲೇ ಕಾಣದಾಗುತ್ತದೆ.