9 ಗ್ರಾಂ ಹೆಚ್ಚಾದ ಸಾಬೂನು

ನಾನು ಮನೆಯಲ್ಲೇ ಸಾಬೂನು ಮಾಡಲು ಶುರುಮಾಡಿದ್ದು ಅಡುಗೆಮನೆಯ ಸಿಂಕ್ ಕಟ್ಟಿಕೊಂಡಿದ್ದರಿಂದ. ಹಾವೇರಿ ಕಡೆಯಿಂದ ಗೋವಾದ ಮಡಗಾಂವ್‌ಗೆ ಬಂದು ನಮಗೆ ಹನ್ನೊಂದು ವರ್ಷವಾಯಿತು. ಊರಲ್ಲಿ ನಾವು ಕುರಿ, ಕೋಳಿ ಬಿಟ್ಟರೆ ಬೇರೆ ಮಾಂಸ ತಿಂದವರಲ್ಲ. ಇಲ್ಲಿಗೆ ಬಂದ ಮೇಲೆ ನಮ್ಮ ಮನೆಯವರಿಗೆ ಹಂದಿ ಮಾಂಸದ ರುಚಿ ಹತ್ತಿತು. ಪಾತ್ರೆ ತೊಳೆದ ಜಿಡ್ಡೆಲ್ಲ ಪೈಪಿನಲ್ಲಿ ಕೂತು, ಒಂದು ದಿನ ನೀರು ಇಳಿಯಲೇ ಇಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಕಾಸ್ಟಿಕ್ ಸೋಡಾ ತಂದು ಹಾಕಿದೆ. ಅರ್ಧ ಗಂಟೆ ಕಾದು ನಲ್ಲಿ ತಿರುಗಿಸಿದರೆ ನೊರೆ ಮೇಲೆದ್ದು ಬಂತು.

‘ಸಾಬಾಣ ಹಾಕೀಯೇನ ಇದರಾಗ?’ ಅಂತ ಇವರು ಕೇಳಿದರು. ನಾನು ಹಾಕಿರಲಿಲ್ಲ. ಪೈಪಿನೊಳಗೇ ತಯಾರಾಗಿತ್ತು. ಪಿಯುಸಿಯಲ್ಲಿ ಓದಿ ಮರೆತದ್ದು ಆಗ ನೆನಪಾಯಿತು. ಕೊಬ್ಬಿಗೆ ಕಾಸ್ಟಿಕ್‌ನಂಥ ಕ್ಷಾರ ಸೇರಿದರೆ ಸಾಬೂನು, ಜೊತೆಗೊಂದಿಷ್ಟು ಗ್ಲಿಸರಿನ್. ಅಷ್ಟೇ ಅಲ್ವಾ, ಮಾಡೇ ನೋಡೋಣ ಅನ್ನಿಸಿತು.

ಮಾರ್ಕೆಟ್‌ನಲ್ಲಿ ಎರಡು ಕಿಲೋ ಹಂದಿ ಕೊಬ್ಬು ಕೇಳಿದಾಗ ಅಂಗಡಿಯವನು ‘ಚೋರಿಸ್ ಮಾಡ್ತೀರಾ?’ ಅಂದ. ಚೋರಿಸ್ ಅಂದರೆ ಗೋವಾದ ಹಂದಿ ಮಾಂಸದ ಸಾಸೇಜ್. ಸಾಬೂನಿಗೆ ಅಂದದ್ದಕ್ಕೆ ಪಕ್ಕದ ಅಂಗಡಿಯವನನ್ನೂ ಕರೆದು ಹೇಳಿ ನಕ್ಕ. ನಕ್ಕರೂ ಒಳ್ಳೆಯ ಮಾತು ಹೇಳಿಕೊಟ್ಟ. ಗುರ್ದಾ, ಅಂದರೆ ಮೂತ್ರಪಿಂಡದ ಸುತ್ತಲಿನ ಕೊಬ್ಬು ತಗೊಳ್ಳಿ, ಅದು ಬೆಳ್ಳಗೆ, ಗಟ್ಟಿಯಾಗಿರುತ್ತದೆ, ವಾಸನೆ ಕಡಿಮೆ ಅಂತ. ಅದು ಸಾಲದಿದ್ದರೆ ಬೆನ್ನಿನ ಕೊಬ್ಬನ್ನೂ ಸೇರಿಸಬಹುದು. ಒಮ್ಮೆ ಮೇಕೆಯ ಕೊಬ್ಬನ್ನೂ ತಂದು ನೋಡಿದೆ. ಸಾಬೂನು ಕಲ್ಲಿನಂತೆ ಗಟ್ಟಿಯಾಯಿತು, ಆದರೆ ಎಷ್ಟು ತೊಳೆದರೂ ಹೋತದ ವಾಸನೆ ಬಿಡಲಿಲ್ಲ. ಮತ್ತೆ ಆ ಕಡೆ ಹೋಗಲಿಲ್ಲ.

ಸಾಬೂನು ಮಾಡುವುದೆಂದರೆ ಎಲ್ಲರೂ ಕಾಸ್ಟಿಕ್ ಬಗ್ಗೆ ಕೇಳುತ್ತಾರೆ. ನನ್ನನ್ನು ಕೇಳಿದರೆ ಅರ್ಧ ಕೆಲಸ ಕೊಬ್ಬು ಕಾಯಿಸಿ ತೊಳೆಯುವುದರಲ್ಲೇ ಇದೆ. ತಂದ ಕೊಬ್ಬನ್ನು ಒಂದು ಗಂಟೆ ಫ್ರೀಜರ್‌ನಲ್ಲಿಟ್ಟರೆ ಗಟ್ಟಿಯಾಗಿ, ಚಾಕುವಿಗೆ ಅಂಟದೆ ತುಂಡಾಗುತ್ತದೆ. ಅಂಟಿಕೊಂಡ ಮಾಂಸ, ರಕ್ತದ ನಾಳ ಎಲ್ಲ ತೆಗೆದು, ಕುಂಬಳಕಾಯಿ ಪಲ್ಯಕ್ಕೆ ಹೆಚ್ಚುವುದಕ್ಕಿಂತ ಸಣ್ಣಗೆ ಹೆಚ್ಚುತ್ತೇನೆ. ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಮುಳುಗುವಷ್ಟು ನೀರು, ಎರಡು ಚಮಚ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಎರಡೂವರೆ, ಮೂರು ಗಂಟೆ. ಕೊತ ಕೊತ ಕುದಿಸಬಾರದು. ನೀರಿಲ್ಲದೆ ಬರೀ ಕೊಬ್ಬನ್ನು ಕಾಯಿಸಿದರೆ ತಳ ಸೀದು ಕಂದು ಬಣ್ಣ ಬರುತ್ತದೆ, ವಾಸನೆಯೂ ಉಳಿಯುತ್ತದೆ. ಅಡುಗೆಗಾದರೆ ಅದೇ ರುಚಿ, ಸ್ನಾನಕ್ಕೆ ಬೇಡ.

ಕರಗಿದ್ದನ್ನು ಹಳೇ ಪಂಚೆಯಲ್ಲಿ ಸೋಸಿ ತಣ್ಣಗಾಗಲು ಬಿಡುತ್ತೇನೆ. ಮಡಗಾಂವ್ ಸೆಕೆಗೆ ಹಂದಿ ಕೊಬ್ಬು ಹೊರಗಿಟ್ಟರೆ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ರಾತ್ರಿ ಫ್ರಿಜ್‌ನಲ್ಲೇ ಇಡಬೇಕು. ಬೆಳಿಗ್ಗೆ ನೋಡಿದರೆ ಮೇಲೆ ಬಿಳಿ ಬಿಲ್ಲೆ, ಕೆಳಗೆ ಕೆಸರು ಬಣ್ಣದ ನೀರು. ಬಿಲ್ಲೆ ಎತ್ತಿ ತಿರುಗಿಸಿ, ತಳಕ್ಕೆ ಹತ್ತಿದ ಬೂದು ಲೋಳೆಯನ್ನು ಚಮಚದಿಂದ ಕೆರೆದು ತೆಗೆದು, ಹೊಸ ಉಪ್ಪುನೀರಿನಲ್ಲಿ ಮತ್ತೆ ಕಾಯಿಸಬೇಕು. ಮೂರು ಸಲ ಹೀಗೆ ಮಾಡಿದ ಮೇಲೆ ಬಿಲ್ಲೆ ಬೆಣ್ಣೆಗಿಂತ ಬೆಳ್ಳಗಾಯಿತು, ಮೂಗಿಗೆ ಹಿಡಿದರೆ ಏನೂ ಗೊತ್ತಾಗಲಿಲ್ಲ. ಎರಡು ಕಿಲೋಗೆ ಒಂದೂವರೆ ಕಿಲೋ ಹತ್ತಿರ ಸಿಕ್ಕಿತು. ನೀರಿನ ಪಸೆ ಉಳಿಯದಂತೆ ಒರೆಸಿ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಮೊದಲ ದಿನ ಮಾತ್ರ ಮನೆಯೆಲ್ಲ ವಾಸನೆ. ಕಿಟಕಿ ತೆಗೆದಿಟ್ಟೆ. ಕೆಳಗಿನ ಮನೆಯ ಆಂಟಿ ‘ಇವತ್ತು ಏನು ಸ್ಪೆಷಲ್?’ ಅಂತ ಕೇಳಿಕೊಂಡು ಮೇಲೆ ಬಂದರು.

ಇನ್ನು ತೂಕ. ನಾನು ಕೈಯಂದಾಜಿನಲ್ಲಿ ಅಡುಗೆ ಮಾಡುವವಳು, ಉಪ್ಪನ್ನು ಯಾವತ್ತೂ ಅಳೆದವಳಲ್ಲ. ಸಾಬೂನಿಗೆ ಅದು ನಡೆಯುವುದಿಲ್ಲ. ಒಂದೊಂದು ಕೊಬ್ಬು ಕುಡಿಯುವ ಕಾಸ್ಟಿಕ್ ಒಂದೊಂದು ಲೆಕ್ಕ. 100 ಗ್ರಾಂ ಕೊಬ್ಬರಿ ಎಣ್ಣೆಗೆ 18.3 ಗ್ರಾಂ, ಹಂದಿ ಕೊಬ್ಬಿಗೆ 14.1, ಔಡಲ ಎಣ್ಣೆಗೆ (ಹರಳೆಣ್ಣೆ) 12.8. ಹೀಗೆ ಬಂದ ಮೊತ್ತದಲ್ಲಿ 5% ಕಡಿಮೆ ಮಾಡಿ ಹಾಕಬೇಕು. ಆಗ ಸ್ವಲ್ಪ ಎಣ್ಣೆ ಹಾಗೇ ಉಳಿದು ಚರ್ಮಕ್ಕೆ ಹಿತವಾಗಿರುತ್ತದೆ, ತೂಕದಲ್ಲಿ ಸಣ್ಣಪುಟ್ಟ ತಪ್ಪಾದರೂ ಕಾಸ್ಟಿಕ್ ಉಳಿಯುವುದಿಲ್ಲ. ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ತಂದೆ.

ಮೊದಲ ಸಲ ಜನವರಿಯಲ್ಲಿ ಅರ್ಧಕ್ಕರ್ಧ ಮಾಡಿದೆ. 500 ಗ್ರಾಂ ಕೊಬ್ಬರಿ ಎಣ್ಣೆ, 500 ಗ್ರಾಂ ಕೊಬ್ಬು, 154 ಗ್ರಾಂ ಕಾಸ್ಟಿಕ್. ಸಾಬೂನು ಚೆನ್ನಾಗಿ ಬಂತು, ನೊರೆ ಭರ್ಜರಿ. ಆದರೆ ಸ್ನಾನವಾದ ಮೇಲೆ ಮೈ ಬಿಗಿದಂತೆ ಒಣ ಒಣ. ಕೊಬ್ಬರಿ ಎಣ್ಣೆ ಜಾಸ್ತಿಯಾದರೆ ಹೀಗೇ, ಮೈ ಜಿಡ್ಡನ್ನೆಲ್ಲ ಎಳೆದುಬಿಡುತ್ತದೆ. ಆದರೂ ಹೆಮ್ಮೆಯಿಂದ ಬೀಗಿದೆ.

ಎರಡನೇ ಸಲ ನಡೆದದ್ದು ಹೇಳಬೇಕು. ಫೆಬ್ರುವರಿಯ ಒಂದು ಭಾನುವಾರ. ಎಲ್ಲ ಹರವಿಕೊಂಡು ಕೂತ ಮೇಲೆ ನೋಡಿದರೆ ಕೊಬ್ಬರಿ ಎಣ್ಣೆ 100 ಗ್ರಾಂ ಮಾತ್ರ ಇತ್ತು. ಅಂಗಡಿಗೆ ಯಾರು ಹೋಗುತ್ತಾರೆ? ಕೊಬ್ಬು ಇದೆಯಲ್ಲ, 900 ಗ್ರಾಂ ಹಾಕಿದರಾಯಿತು, ಒಟ್ಟು ಅದೇ ಒಂದು ಕಿಲೋ ತಾನೇ? ಚೀಟಿಯಲ್ಲಿ ಬರೆದಿದ್ದ ಅದೇ 154 ಗ್ರಾಂ ಕಾಸ್ಟಿಕ್ ತೂಗಿ ಹಾಕಿದೆ. ತಕ್ಕಡಿ ಒಂದು ಗ್ರಾಂ ಕೂಡ ತಪ್ಪು ತೋರಿಸಿರಲಿಲ್ಲ, ತಪ್ಪಿದ್ದು ನನ್ನ ಲೆಕ್ಕ.

ಮರುದಿನ ಕತ್ತರಿಸುವಾಗ ಸಾಬೂನು ಸೀಮೆಸುಣ್ಣದ ಹಾಗೆ ಪುಡಿಪುಡಿಯಾಗಿ ಒಡೆಯಿತು. ಆಗ ನಮ್ಮವ್ವ ಊರಿಂದ ಬಂದಿದ್ದಳು. ಒಂದು ತುಂಡು ಎತ್ತಿಕೊಂಡು ಕೈ ತೊಳೆದಳು.

‘ಯವ್ವಾ, ಕೈ ಉರಿಯಾಕತ್ತಾವಲ್ಲೇ! ಏನ್ ಹಾಕೀ ಇದಕ್ಕ? ಸುಣ್ಣಾನ?’

ನಾನು ಒದ್ದೆ ಬೆರಳನ್ನು ಸಾಬೂನಿಗೆ ಉಜ್ಜಿ ನಾಲಿಗೆ ತುದಿಗೆ ಮುಟ್ಟಿಸಿದೆ. ಚುರ್ ಅಂತು. ಚಿಕ್ಕವರಿದ್ದಾಗ ಚೌಕದ ಬ್ಯಾಟರಿಯ ಎರಡೂ ತುದಿ ನಾಲಿಗೆಗೆ ಮುಟ್ಟಿಸುತ್ತಿದ್ದೆವಲ್ಲ, ಹಾಗೆ. ಸರಿಯಾದ ಸಾಬೂನು ನಾಲಿಗೆಗೆ ಬರೀ ಸಾಬೂನಿನ ರುಚಿ ಕೊಡುತ್ತದೆ, ಹೀಗೆ ಹೊಡೆಯುವುದಿಲ್ಲ. ಕೂತು ಲೆಕ್ಕ ಹಾಕಿದೆ. 100 ಗ್ರಾಂ ಕೊಬ್ಬರಿ ಎಣ್ಣೆಗೆ 18, 900 ಗ್ರಾಂ ಕೊಬ್ಬಿಗೆ 127, ಒಟ್ಟು 145. ಏನನ್ನೂ ಕಡಿಮೆ ಮಾಡದಿದ್ದರೂ ಅದು ಕುಡಿಯುವುದೇ ಅಷ್ಟು. ನಾನು 154 ಹಾಕಿದ್ದೆ. 9 ಗ್ರಾಂ ಕಾಸ್ಟಿಕ್ ಹಾಗೇ ಸಾಬೂನಿನೊಳಗೆ ಕೂತಿತ್ತು. ಅವ್ವನ ಕೈಯನ್ನು ಹತ್ತು ನಿಮಿಷ ನಲ್ಲಿಯ ಕೆಳಗೆ ಹಿಡಿಸಿದೆ. ಕೆಂಪಾಗಿದ್ದು ಸಂಜೆಗೆ ಇಳಿಯಿತು, ಪುಣ್ಯ. ಇಂಥ ಹೊತ್ತಲ್ಲಿ ಲಿಂಬೆ, ವಿನೆಗರ್ ಅಂತ ಹುಡುಕಬಾರದು, ನೀರೇ ಮದ್ದು. ಕಣ್ಣಿಗೆ ಹಾರಿದರಂತೂ ತೊಳೆಯುತ್ತಲೇ ಡಾಕ್ಟರ ಹತ್ತಿರ ಓಡಬೇಕು.

ಎಸೆಯಲು ಮನಸ್ಸಾಗಲಿಲ್ಲ. ಕೈಗೆ ಗ್ಲೌಸ್ ಹಾಕಿಕೊಂಡು ಎಲ್ಲವನ್ನೂ ತುರಿದೆ. ಆ ತುರಿಯುವ ಮಣೆ ಆಮೇಲೆ ಅಡುಗೆಮನೆಗೆ ವಾಪಸ್ ಹೋಗಲಿಲ್ಲ. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆಯಿಟ್ಟು, ತುರಿಗೆ ಒಂದು ಲೋಟ ನೀರು ಚಿಮುಕಿಸಿ ಮೆತ್ತಗೆ ಮಾಡಿದೆ. ಉಳಿದ ಕಾಸ್ಟಿಕ್ ಮುಗಿದು, ಮೇಲೆ 5% ಎಣ್ಣೆಯೂ ಉಳಿಯಬೇಕಾದರೆ ಇನ್ನೂ 92 ಗ್ರಾಂ ಕೊಬ್ಬರಿ ಎಣ್ಣೆ ಬೇಕಿತ್ತು. ಕೊನೆಗೂ ಅಂಗಡಿಗೆ ಹೋಗಲೇಬೇಕಾಯಿತು. ಎರಡು ಗಂಟೆ ತಿರುವಿ ತಿರುವಿ, ಹೋಳಿಗೆ ಹೂರಣದ ಹದಕ್ಕೆ ಬಂದಾಗ ಡಬ್ಬಿಗೆ ಒತ್ತಿದೆ. ನೋಡೋಕೆ ಗೊಡ್ಡು, ಗಂಟು ಗಂಟು. ನಾಲಿಗೆಗೆ ಹೊಡೆಯುವುದು ಮಾತ್ರ ನಿಂತಿತ್ತು.

ಏಪ್ರಿಲ್‌ನಲ್ಲಿ ಮೂರನೇ ಸಲ ಮಾಡಿದ್ದೇ ಇವತ್ತಿಗೂ ನಮ್ಮನೆ ಅಳತೆ. ಹಂದಿ ಕೊಬ್ಬು 650 ಗ್ರಾಂ, ಕೊಬ್ಬರಿ ಎಣ್ಣೆ 300, ಔಡಲ ಎಣ್ಣೆ 50. ಮೂರರ ಲೆಕ್ಕ ಕೂಡಿದರೆ 153 ಗ್ರಾಂ ಕಾಸ್ಟಿಕ್, 5% ಕಳೆದರೆ 145. ನೀರು ಅದರ ಎರಡರಷ್ಟು, 290 ಗ್ರಾಂ. ಕೊಬ್ಬು ಸಾಬೂನನ್ನು ಗಟ್ಟಿ ಮಾಡಿ ನುಣುಪಾದ ಸಣ್ಣ ನೊರೆ ಕೊಡುತ್ತದೆ, ಗುಳ್ಳೆ ಗುಳ್ಳೆ ನೊರೆ ಕೊಬ್ಬರಿ ಎಣ್ಣೆಯದ್ದು, ಔಡಲ ಎಣ್ಣೆ ಆ ನೊರೆ ಬೇಗ ಇಳಿಯದಂತೆ ಹಿಡಿಯುತ್ತದೆ.

ಕಾಸ್ಟಿಕ್ ಕಲಸುವುದು ಬಾಲ್ಕನಿಯಲ್ಲಿ. ಕನ್ನಡಕ, ಗ್ಲೌಸ್, ತುಂಬುತೋಳು. ಮಗ ಶಾಲೆಯಲ್ಲಿದ್ದಾಗ ಮಾತ್ರ. ಸ್ಟೀಲ್ ಪಾತ್ರೆಯಲ್ಲಿ ಮೊದಲು ನೀರು, ಆಮೇಲೆ ಕಾಸ್ಟಿಕ್ ಚಕ್ಕೆ, ಸ್ವಲ್ಪ ಸ್ವಲ್ಪವಾಗಿ. ಉಲ್ಟಾ ಮಾಡಿದರೆ ಕುದಿದು ಮೇಲೆ ಚಿಮ್ಮುತ್ತದೆ. ಒಲೆ ಇಲ್ಲದೆಯೇ ನೀರು ಕೈ ಸುಡುವಷ್ಟು ಬಿಸಿಯಾಗಿ, ಮೂಗಿಗೆ ಹೊಡೆಯುವ ಹಬೆ ಏಳುತ್ತದೆ. ಮುಖ ಆಚೆ ತಿರುಗಿಸಿಕೊಂಡೇ ಕಲಸಬೇಕು. ಅಲ್ಯೂಮಿನಿಯಂ ಪಾತ್ರೆ, ಚಮಚ ಯಾವುದೂ ಹತ್ತಿರ ಸುಳಿಯಬಾರದು, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಅನಿಲ ಬಿಡುತ್ತದೆ. ಕಾಸ್ಟಿಕ್ ನೀರು ಮೈಮೇಲೆ ಬಿದ್ದರೆ ಮೊದಲು ಉರಿಯುವುದಿಲ್ಲ, ಜಾರುತ್ತದೆ. ನಮ್ಮ ಚರ್ಮದ ಜಿಡ್ಡೇ ಸಾಬೂನಾಗುತ್ತಿರುವ ಲಕ್ಷಣ ಅದು. ಬೆರಳು ಜಾರಿತು ಅನ್ನಿಸಿದ ಕೂಡಲೇ ನಲ್ಲಿಗೆ ಓಡುತ್ತೇನೆ.

ಕಾಸ್ಟಿಕ್ ನೀರಿನದ್ದು, ಕೊಬ್ಬು ಕರಗಿಸಿ ಎಣ್ಣೆ ಬೆರೆಸಿದ್ದು, ಎರಡೂ ಪಾತ್ರೆ ಹೊರಗಿನಿಂದ ಮುಟ್ಟಿದರೆ ಹಾಲಿಗೆ ಹೆಪ್ಪು ಹಾಕುವ ಬಿಸಿ ಇರಬೇಕು. ಆಗ ಕಾಸ್ಟಿಕ್ ನೀರನ್ನು ಎಣ್ಣೆಗೆ ಸುರಿಯುವುದು. ಮೊದಲ ಸಲ ಹಳೇ ಕಡಗೋಲಿನಿಂದ ಒಂದು ಗಂಟೆ ಕಡೆದಿದ್ದೆ, ರಟ್ಟೆ ಬಿದ್ದುಹೋಗಿತ್ತು. ಕಾಸ್ಟಿಕ್ ಆ ಕಡಗೋಲಿನ ಮರವನ್ನೂ ತಿಂದು ಸಿಬಿರು ಎಬ್ಬಿಸಿತ್ತು. ಈಗ ಸ್ಟೀಲ್ ಕಾಲಿನ ಹ್ಯಾಂಡ್ ಬ್ಲೆಂಡರ್ ಇದೆ, ನಾಲ್ಕೈದು ನಿಮಿಷ ಸಾಕು. ದೋಸೆ ಹಿಟ್ಟಿನಷ್ಟು ದಪ್ಪವಾಗಿ, ಚಮಚದಿಂದ ಎತ್ತಿ ಬಿಟ್ಟ ಗೆರೆ ಮೇಲೆ ಹಾಗೇ ನಿಂತರೆ ಆಯಿತು. ಬಟರ್ ಪೇಪರ್ ಹಾಸಿದ ಪ್ಲಾಸ್ಟಿಕ್ ಡಬ್ಬಿಗೆ ಸುರಿದು, ಮರುದಿನ ಕತ್ತರಿಸಿ, ತಂತಿ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ನಿಲ್ಲಿಸುತ್ತೇನೆ. ಆರು ವಾರ. ತಾಳ್ಮೆ ತಪ್ಪಿ ಮೂರನೇ ವಾರಕ್ಕೇ ಒಂದನ್ನು ಬಳಸಿದೆ, ಸ್ನಾನದ ಮನೆಯಲ್ಲಿ ಎರಡೇ ದಿನಕ್ಕೆ ಲೋಳೆಯಾಗಿ ಕರಗಿಹೋಯಿತು.

ಬಣ್ಣಕ್ಕೆ ಅಂತ ಒಮ್ಮೆ ಅರಿಶಿನ ಹಾಕಿದೆ. ಹಳದಿ ಸಾಬೂನು ಬರಲಿ ಅಂತ ಆಸೆ. ಹಾಕಿದ ಕ್ಷಣಕ್ಕೆ ರಕ್ತದ ಹಾಗೆ ಕೆಂಪಾಯಿತು! ಗಾಬರಿಯಾಗಿ ಅವ್ವನಿಗೆ ಫೋನ್ ಮಾಡಿದೆ. ‘ಆರತಿ ನೀರು ಹೆಂಗ ಮಾಡ್ತೀವಿ? ಅರಿಶಿಣಕ್ಕ ಸುಣ್ಣ ಹಾಕಿದ್ರ ಕೆಂಪಾಗೂದಿಲ್ಲೇನ? ಇಷ್ಟೂ ತಿಳೀವಲ್ದು ನಿನಗ’ ಅಂದಳು. ಸುಣ್ಣವೂ ಕ್ಷಾರ, ಇದೂ ಕ್ಷಾರ. ಹಾಗಾದರೆ ಕಾಸ್ಟಿಕ್ ಉಳಿದಿದೆಯಾ ಅಂತ ಅರಿಶಿನದಲ್ಲೇ ನೋಡಬಹುದಲ್ಲ ಅಂತ ಹೊಳೆಯಿತು. ಅದು ಆಗುವುದಿಲ್ಲ. ಒಳ್ಳೆಯ ಸಾಬೂನೂ ಕ್ಷಾರವೇ. ಸೀರೆಯ ಅರಿಶಿನದ ಕಲೆಗೆ ಸಾಬೂನು ಹಚ್ಚಿದರೆ ಕೆಂಪಾಗುವುದು ಅದಕ್ಕೇ. ನಾಲಿಗೆಯೇ ಗತಿ. ಆ ಕೆಂಪು ವಾರ ಕಳೆದಂತೆ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತು, ನೋಡಲು ಚೆನ್ನಾಗೇ ಇತ್ತು.

ಗೋವಾದಲ್ಲಿ ಮಳೆಗಾಲ ಮಾತ್ರ ಸಾಬೂನಿಗೆ ಶತ್ರು. ಜೂನ್‌ನಲ್ಲಿ ಮಾಡಿದ್ದರ ಮೇಲೆಲ್ಲ ಹನಿ ಕೂತಿತು, ಫ್ಯಾನ್ ಹಾಕಿದರೂ ಒಣಗಲಿಲ್ಲ. ಸಾಬೂನಿನೊಳಗಿನ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಆಗಸ್ಟ್ ಹೊತ್ತಿಗೆ ಕಿತ್ತಳೆ ಬಣ್ಣದ ಚುಕ್ಕಿ ಎದ್ದು, ಹಳೇ ಕರಿದೆಣ್ಣೆಯ ಕಮಟು ವಾಸನೆ ಹಿಡಿಯಿತು. ಕಾಸ್ಟಿಕ್ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟಿದ್ದೆ, ಅದೂ ಬೆಲ್ಲ ಬೆವರಿದ ಹಾಗೆ ಒದ್ದೆಯಾಗಿತ್ತು. ಹಾಗೆ ನೀರು ಕುಡಿದ ಕಾಸ್ಟಿಕ್ ತೂಗಿದರೆ ತೂಕವೇ ಸುಳ್ಳು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಬ್ಬು ತೊಳೆದು ಫ್ರೀಜರ್‌ಗೆ ಹಾಕುವುದಷ್ಟೇ ಕೆಲಸ.

ಯಾರಿಗಾದರೂ ಕೊಡುವಾಗ ಇದರಲ್ಲಿ ಹಂದಿ ಕೊಬ್ಬಿದೆ ಅಂತ ಮೊದಲೇ ಹೇಳುತ್ತೇನೆ. ಹೇಳದೆ ಕೊಡುವುದು ಮೋಸ. ಎದುರು ಮನೆಯವರು ಮುಸ್ಲಿಮರು, ಮೇಲಿನ ಮನೆಯವರು ಸಸ್ಯಾಹಾರಿಗಳು. ಅವರಿಗಾಗಿ ಬರೀ ಕೊಬ್ಬರಿ ಎಣ್ಣೆಯದ್ದು ಬೇರೆ ಮಾಡುತ್ತೇನೆ, ಬೇರೆ ಪಾತ್ರೆಯಲ್ಲಿ. ಒಂದು ಕಿಲೋಗೆ 183 ಗ್ರಾಂ ಬೇಕಾದಲ್ಲಿ 146 ಗ್ರಾಂ ಕಾಸ್ಟಿಕ್ ಮಾತ್ರ. 20% ಎಣ್ಣೆ ಹಾಗೇ ಉಳಿಯುವುದರಿಂದ ಮೈ ಒಣಗುವುದಿಲ್ಲ. ಕೋಲ್ವಾ ಬೀಚಿಗೆ ಹೋದಾಗ ಸಮುದ್ರದ ನೀರಿನಲ್ಲಿ ಕೈ ತೊಳೆದು ನೋಡಿದೆವು, ಅಲ್ಲೂ ನೊರೆ ಬಂತು.

ಆ ಗಂಟು ಗಂಟು ಸಾಬೂನನ್ನು ಅವ್ವ ಊರಿಗೆ ಒಯ್ದಳು. ‘ಹಚ್ಕೊಂಡ್ಯಾ?’ ಅಂತ ಕೇಳಿದೆ. ‘ಅರಬಿ ಒಗಿಯಾಕ ಛಲೋ ಐತಿ. ಮೈಗೆ ನನಗ ಮೈಸೂರ್ ಸ್ಯಾಂಡಲ್ಲೇ ಇರ್ಲಿ’ ಅಂದಳು.